ತಾಯಮ್ಮನ ಸೊನ್ನೆ

ಮನುಷ್ಯ ಮನುಷ್ಯನ ಮುಂದೆ ಎಷ್ಟು ತಗ್ಗುತ್ತಾನೆ ಎಂಬುದನ್ನು ಅಳೆಯಲು ಬರುವುದಾದರೆ? ಜ್ವರವನ್ನು, ರಕ್ತದೊತ್ತಡವನ್ನು, ಹಾಲಿಗೆ ಬೆರೆಸಿದ ನೀರನ್ನು ಅಳೆಯುವ ಹಾಗೆ ಇದನ್ನೂ ಅಳೆದು ಗೋಡೆಯ ಮೇಲೆ ತೋರಿಸಲು ಸಾಧ್ಯವಾದರೆ, ದಬ್ಬಾಳಿಕೆ ಎಂಬುದು ಈ ಲೋಕದಲ್ಲಿ ಎಷ್ಟು ಕಾಲ ಉಳಿದೀತು? ಡಾ. ಇಂದುಮತಿಯವರು ವಿದ್ಯಾರ್ಥಿನಿಯಾಗಿದ್ದಾಗಲೇ ಈ ಪ್ರಶ್ನೆ ಕೇಳಿಕೊಂಡರು. ತಲೆ ನರೆಯುವ ಹೊತ್ತಿಗೆ ಉತ್ತರವನ್ನು ಒಂದು ಬಿಲ್ಲೆಯಾಗಿ ಮಾಡಿ ಸರ್ಕಾರದ ಕೈಗಿತ್ತರು. ಅವರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಥೆ ಮುಗಿಯುವ ಹೊತ್ತಿಗೆ ನಿಮಗೆ ಅವರ ಮೇಲೆ ಸಿಟ್ಟು ಬಂದಿರುತ್ತದೆ. ನನಗಂತೂ ಬಂದಿದೆ.

ಇಂದುಮತಿಯವರು ಮೈಸೂರಿನ ಸಮಾಜ ಮಾಪನ ಕೇಂದ್ರದಲ್ಲಿ ಮಾನವಶಾಸ್ತ್ರಜ್ಞೆ. ಅಧಿಕಾರ ಎಂಬುದು ಕುರ್ಚಿಯಲ್ಲಿದೆ, ಕಾನೂನಿನಲ್ಲಿದೆ, ಲಾಠಿಯಲ್ಲಿದೆ ಎಂದು ಉಳಿದವರು ದಪ್ಪ ದಪ್ಪ ಪುಸ್ತಕ ಬರೆಯುತ್ತಿದ್ದಾಗ, ಅದು ಇರುವುದು ತಗ್ಗುವವನ ಮೈಯಲ್ಲಿ ಎಂದು ಇವರು ಹೇಳಿದರು. ಧಣಿ ಎದುರಾದಾಗ ಆಳಿನ ಗಂಟಲು ಬಿಗಿಯುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಹೆಗಲು ಕೂದಲೆಳೆಯಷ್ಟು ಇಳಿಯುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ರೆಪ್ಪೆ ಬಡಿಯುವಷ್ಟು ಹೊತ್ತು ತಡವಾಗುತ್ತದೆ. ಇವನ್ನೆಲ್ಲ ಕೂಡಿಸಿ ಅವರು ‘ತಗ್ಗು’ ಎಂದು ಹೆಸರಿಟ್ಟರು. ಕಿವಿಯ ಹಿಂದೆ ಚರ್ಮಕ್ಕೆ ಅಂಟಿಕೊಂಡು ಕೂರುವ, ಹಣೆಗೆ ಇಡುವ ಬೊಟ್ಟಿಗಿಂತ ತುಸು ದೊಡ್ಡದಾದ ಬಿಲ್ಲೆಯೊಂದು ಆ ತಗ್ಗನ್ನು ಕ್ಷಣಕ್ಷಣವೂ ಅಳೆದು ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು.

ಅಳತೆಗೆ ಮೂರು ಬಣ್ಣ. ಯಾರಾದರೂ ನಿಮ್ಮನ್ನು ತುಳಿಯುತ್ತಿದ್ದರೆ ಪರದೆಯ ಮೇಲೆ ನಿಮ್ಮ ಚುಕ್ಕೆ ಹಳದಿ. ನೀವು ಯಾರಿಗೂ ತಗ್ಗದೆ, ಯಾರನ್ನೂ ತಗ್ಗಿಸದೆ ಇದ್ದರೆ ಹಸಿರು; ಅದು ಸೊನ್ನೆ. ಸೊನ್ನೆಯ ಆಚೆ ಬದಿಗೆ ಹೋದರೆ ಕೆಂಪು. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳಲೇಬೇಕು, ಆದ್ದರಿಂದ ಸಮಾನತೆಯ ಸೊನ್ನೆಗಿಂತಲೂ ಸಡಿಲವಾಗಿರುವ ಮೈ ಬೇರೆಯವರ ಮೇಲೆ ಕೂತ ಮೈಯೇ ಆಗಿರಬೇಕು ಎಂಬುದು ಇಂದುಮತಿಯವರ ಸಿದ್ಧಾಂತ.

ಸಿದ್ಧಾಂತವೇನೋ ಸಿದ್ಧವಾಯಿತು, ಸೊನ್ನೆ ಸಿಗಲಿಲ್ಲ. ಯಾರಿಗೂ ಹೆದರದ, ಯಾರನ್ನೂ ಹೆದರಿಸದ ಒಂದೇ ಒಂದು ಜೀವ ಬೇಕಾಗಿತ್ತು, ಅಳತೆಗೋಲಿನ ಮೊದಲ ಗೆರೆ ಎಳೆಯಲು. ಸಮಾನತೆಯಿಂದ ಬದುಕುವ ಜನ ಎಂದು ಓದಿಕೊಂಡು ಕಾಡಂಚಿನ ಹಾಡಿಗಳಿಗೆ ಹೋದರೆ, ಜೀಪಿನಿಂದ ಇಳಿದವರು ಅರಣ್ಯ ಇಲಾಖೆಯವರೇ ಇರಬೇಕೆಂದು ಹಾಡಿಯ ಬಿಲ್ಲೆಗಳೆಲ್ಲ ಹುಚ್ಚೆದ್ದು ಕುಣಿದವು. ಮಠಗಳಿಗೆ ಹೋದರು, ಸಹಕಾರ ಸಂಘಗಳಿಗೆ ಹೋದರು, ಗೆಳತಿಯರ ಸಂಸಾರಗಳಿಗೂ ಹೋಗಿ ಸಂಬಂಧ ಕೆಡಿಸಿಕೊಂಡು ಬಂದರು. ಎಲ್ಲಿ ನೋಡಿದರೂ ಅಳತೆಯ ಮುಳ್ಳು ಅತ್ತ ಇತ್ತ ಆಡುತ್ತಲೇ ಇತ್ತು.

ಕೊನೆಗೆ ಒಂದು ಬೆಳಿಗ್ಗೆ ಸೊನ್ನೆ ಅವರ ಅಡುಗೆಮನೆಯಲ್ಲೇ ಸಿಕ್ಕಿತು. ತಾಯಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಈ ಮನೆಗೆ ಕೆಲಸಕ್ಕೆ ಬಂದವಳು, ಗಂಡ ಸತ್ತ ಮೇಲೂ ಇದೇ ಕೆಲಸದಲ್ಲಿ ಉಳಿದವಳು. ಅವಳನ್ನು ಇಂದುಮತಿಯವರು ಒಂದು ದಿನವೂ ಬೈದಿರಲಿಲ್ಲ. ಅವಳ ಮಗಳ ಓದಿನ ಖರ್ಚನ್ನೂ ಇವರೇ ನೋಡಿಕೊಳ್ಳುತ್ತಿದ್ದರು. ಬಂದವರ ಮುಂದೆಲ್ಲ “ತಾಯಮ್ಮ ನಮ್ಮನೆಯವಳೇ” ಎನ್ನುತ್ತಿದ್ದರು. ಇವಳಿಗೆ ನನ್ನ ಹತ್ತಿರ ಎಂಥ ಭಯ ಎಂದುಕೊಂಡು ಬಿಲ್ಲೆಯನ್ನು ಅವಳ ಕಿವಿಯ ಹಿಂದೆ ಅಂಟಿಸಿದರು. ಮುಳ್ಳು ಒಂದೆಡೆ ನಿಂತಿತು. ರೊಟ್ಟಿ ತಟ್ಟುವಾಗ, ಪಾತ್ರೆ ತೊಳೆಯುವಾಗ, ಇಂದುಮತಿಯವರು ಕಾಫಿ ಕೇಳಿದಾಗ, ಕೇಳದೆ ಸುಮ್ಮನೆ ಹಿಂದೆ ಬಂದು ನಿಂತಾಗ ಕೂಡ ಅದು ಒಂದಿಷ್ಟೂ ಆಡಲಿಲ್ಲ. ಇಂದುಮತಿಯವರ ಕಣ್ಣಲ್ಲಿ ನೀರು ಬಂತು. ಇಲ್ಲಿ ಅಧಿಕಾರವಿಲ್ಲ ಎಂದರು, ಅಲ್ಲಿಗೇ ಗೆರೆ ಎಳೆದರು.

ಆಮೇಲೆ ಸಮತಾ ಕಾಯ್ದೆ ಬಂತು. ಊರಿಗೆ ಊರೇ ಬಿಲ್ಲೆ ಅಂಟಿಸಿಕೊಂಡಿತು. ಮೊದಮೊದಲು ಜನಕ್ಕೆ ಹಬ್ಬ. ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಹೆಂಗಸರ ಮೈಮೇಲೆ ಎಗರಾಡುತ್ತಿದ್ದ ಸೂಪರ್‌ವೈಸರ್‌ಗಳ ಸುತ್ತ ಹಳದಿ ಚುಕ್ಕೆಗಳು ಜಾತ್ರೆಯಂತೆ ನೆರೆದವು, ಅವರೆಲ್ಲ ಕೆಲಸ ಕಳೆದುಕೊಂಡು ಮನೆಗೆ ಹೋದರು. ಮಕ್ಕಳಿಗೆ ಬೆತ್ತ ತೋರಿಸುತ್ತಿದ್ದ ಹೆಡ್‌ಮಾಸ್ತರರೊಬ್ಬರು ತಾವೇ ಬೆಂಚಿನ ಮೇಲೆ ನಿಂತು ಕ್ಷಮೆ ಕೇಳಿದರು. ಉಳಿದ ಯಜಮಾನರು ಬುದ್ಧಿವಂತರು, ಬೇಗ ಕಲಿತುಕೊಂಡರು. ಕೂಗಾಡುವುದನ್ನು ನಿಲ್ಲಿಸಿದರು. ನಗುನಗುತ್ತಾ ಮಾತನಾಡಿಸಿದರು. “ನಾವೆಲ್ಲ ಒಂದೇ ಮನೆಯವರು” ಎಂದರು. ನಾಳೆಯಿಂದ ಬರಬೇಡ ಎನ್ನುವುದನ್ನೂ ನಗುನಗುತ್ತಲೇ ಹೇಳಿದರು. ಜನ ನಡುಗುವುದನ್ನು ಬಿಟ್ಟರು. ನಡುಗುವುದಕ್ಕೂ ಮೈಯಲ್ಲಿ ಒಂದಿಷ್ಟು ಆಸೆ ಉಳಿದಿರಬೇಕಲ್ಲ. ಫ್ಯಾಕ್ಟರಿಗಳೆಲ್ಲ ಹಸಿರಾದವು, ಗೇಟಿನಲ್ಲಿ ‘ಇಲ್ಲಿ ಭಯವಿಲ್ಲ’ ಎಂಬ ಫಲಕ ಬಂತು.

ಇನ್ನು ಖಾಸಗಿ ಸ್ಥಳಗಳಿಗೆ ವಿನಾಯಿತಿ ಇತ್ತು. ಮನೆ, ಸ್ವಂತ ಕಾರು, ಬಾಗಿಲು ಹಾಕಿದ ಕ್ಯಾಬಿನ್ನು, ಇವುಗಳೊಳಗಿನ ಅಳತೆಯನ್ನು ನಿಯಂತ್ರಣ ಕೊಠಡಿ ನೋಡುವಂತಿಲ್ಲ. ಮನೆಯಿಂದ ಕಾರಿಗೆ, ಕಾರಿನಿಂದ ಕ್ಯಾಬಿನ್ನಿಗೆ ಹೋಗುವವರನ್ನು ಹಾಗಾಗಿ ಯಾವ ಬಿಲ್ಲೆಯೂ ಹಿಡಿಯಲಿಲ್ಲ. ಅಳತೆಗೋಲು ಮಾಡಿದವರನ್ನೇ ಅಳೆದರೆ ಅಳತೆ ಕೆಡುತ್ತದೆ ಎಂದು ಇಂದುಮತಿಯವರಿಗೂ ಬಿಲ್ಲೆ ಇರಲಿಲ್ಲ.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಮೈಸೂರಿನ ನಕ್ಷೆ. ಅದರ ಮೇಲೆ ಲಕ್ಷಾಂತರ ಹಸಿರು ಚುಕ್ಕೆ, ಗದ್ದೆಯ ಪೈರಿನ ಹಾಗೆ. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ರಿಯಾಜ್ ಒಂದು ಮಧ್ಯಾಹ್ನ ಇಂದುಮತಿಯವರನ್ನು ಕರೆದ.

“ಮೇಡಂ, ಈ ಕೆಂಪು ಬರ್ತಿರೋರು ಯಾರು ಅಂತ ಒಂದ್ಸಲ ನೋಡ್ತೀರಾ? ಮಾರ್ಕೆಟ್ಟಲ್ಲಿ ಹೂವು ಮಾರೋ ಅಜ್ಜಿ. ಸೈಕಲ್ ರಿಪೇರಿ ಮಾಡೋನು ಒಬ್ಬ. ಹೆರಿಗೆ ಆಸ್ಪತ್ರೆ ಆಯಾ. ಒಬ್ಬ ಮಿನಿಸ್ಟ್ರಿಲ್ಲ, ಒಬ್ಬ ಓನರ್ ಇಲ್ಲ. ಇವರೆಲ್ಲ ಯಾರನ್ನ ತುಳೀತಾರೆ ಮೇಡಂ?”

“ದಬ್ಬಾಳಿಕೆ ಮೇಲಿನವರಲ್ಲಿ ಮಾತ್ರ ಇರುತ್ತೆ ಅನ್ನೋದು ಹಳೇ ಕಾಲದ ನಂಬಿಕೆ ರಿಯಾಜ್. ನಾನು ಇಷ್ಟು ವರ್ಷದಿಂದ ಹೇಳ್ತಿರೋದೇ ಅದು.”

“ಇನ್ನೊಂದು ಹೆಸರಿದೆ. ಸಿಟಿ ಬಸ್ ಕಂಡಕ್ಟರ್. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಕೆಂಪು. ಮೂರು ಎಚ್ಚರಿಕೆ ಹೋಗಿದೆ, ಈಗ ವಿಚಾರಣೆಗೆ ಬಂದಿದೆ.” ಅವನು ಸ್ವಲ್ಪ ಹಿಂದೆಮುಂದೆ ನೋಡಿದ. “ಸಿಂಚನಾ ಅಂತ. ನಿಮ್ಮ ಮನೆ ತಾಯಮ್ಮನ ಮಗಳು.”

ಇಂದುಮತಿಯವರಿಗೆ ಆಶ್ಚರ್ಯವಾಗಲಿಲ್ಲ. ನಿಜ ಹೇಳಬೇಕೆಂದರೆ, ಒಳಗೆಲ್ಲೋ ಸಣ್ಣ ಸಮಾಧಾನವೇ ಆಯಿತು. ಆ ಹುಡುಗಿ ಚಿಕ್ಕವಳಿದ್ದಾಗಿನಿಂದ ಅವರಿಗೊಂದು ಮುಳ್ಳು. ತಾಯಿಯ ಜೊತೆ ಬಂದರೆ ನೆಟ್ಟಗೆ ಸೋಫಾದ ಮೇಲೆ ಕೂರುವಳು. “ಮೇಡಂ, ಈ ಫೋಟೋದಲ್ಲಿರೋದು ನೀವಾ? ಚೆನ್ನಾಗಿದ್ರಿ ಆಗ” ಎನ್ನುವಳು. ಬಸ್ಸಿನಲ್ಲಿಯೂ ಹಾಗೆಯೇ. ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡು ಕೂತ ದೊಡ್ಡ ಮನುಷ್ಯನಿಗೆ, “ಸಾರ್, ಬ್ಯಾಗಿಗೂ ಒಂದು ಟಿಕೆಟ್ ತಗೊಳ್ಳಿ, ಪಾಪ, ನಿಂತ್ಕೊಂಡು ಹೋಗ್ಬೇಕಾಗತ್ತೆ” ಎಂದು ಬಸ್ಸಿಗೆ ಬಸ್ಸೇ ನಗುವಂತೆ ಮಾಡುವಳು. ಸಮಾನತೆಗಾಗಿ ಜೀವಮಾನ ಸವೆಸಿದ ಇಂದುಮತಿಯವರಿಗೆ ತಮ್ಮ ಸೋಫಾದ ಮೇಲೆ ಕೂತ ಆ ಸಮಾನತೆ ಯಾಕೋ ಹಿಡಿಸಿರಲಿಲ್ಲ. ಯಂತ್ರವೂ ಅದನ್ನೇ ಹೇಳಿತಲ್ಲ ಎಂದು ಈಗ ಅನ್ನಿಸಿತು.

ಕೆಂಪು ಬಂದವರಿಗೆ ಶಿಕ್ಷೆ ಇರಲಿಲ್ಲ, ಚಿಕಿತ್ಸೆ ಇತ್ತು. ಊರ ಹೊರಗಿನ ಸಮತೋಲನ ಕೇಂದ್ರದಲ್ಲಿ ಅವರನ್ನು ಇಟ್ಟುಕೊಂಡು, ಅಳತೆ ಸೊನ್ನೆಯಾಚೆಗೆ ಸರಿದಾಗಲೆಲ್ಲ ಕಿವಿಯ ಹಿಂದಿನ ನರಕ್ಕೆ ವಿದ್ಯುತ್ತಿನ ಚುರುಕು ಮುಟ್ಟಿಸುತ್ತಿದ್ದರು. ಎಚ್ಚರವಿದ್ದಾಗ, ಊಟ ಮಾಡುವಾಗ, ಕನಸಿನಲ್ಲಿ ನಕ್ಕಾಗ ಕೂಡ. ಸೊನ್ನೆಯಲ್ಲಿ ನಿಲ್ಲುವುದನ್ನು ಮೈ ಕಲಿಯುವವರೆಗೂ. ಕೆಲವರು ಬೇಗ ಕಲಿಯುತ್ತಿದ್ದರು.

ವಿಚಾರಣೆಯ ನೋಟಿಸು ಬಂದ ಮರುದಿನ ತಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತಳು. ಇಂದುಮತಿಯವರು ಪತ್ರಿಕೆಯಿಂದ ತಲೆಯೆತ್ತುವವರೆಗೂ ಮಾತಾಡಲಿಲ್ಲ.

“ಅಮ್ಮೋರೆ, ನನ್ ಮಗೀನ ಕರ್ಕೊಂಡೋಯ್ತರಂತೆ. ಅವ್ಳು ಯಾರ್ಗೂ ಒಂದ್ ಕೆಟ್ ಮಾತ್ ಅಂದೋಳಲ್ಲ. ಬಾಯಿ ಒಸಿ ಜಾಸ್ತಿ, ಅಷ್ಟೇಯ. ನೀವೊಂದ್ ಮಾತ್ ಏಳುದ್ರೆ…”

“ನೋಡೋಣ ತಾಯಮ್ಮ. ನಾನೇನು ಅಲ್ಲಿ ಕೈಯಾಡಿಸೋ ಹಾಗಿಲ್ಲ. ಅದು ವಿಜ್ಞಾನ.”

“ಆಯ್ತು ಅಮ್ಮೋರೆ” ಎಂದು ತಾಯಮ್ಮ ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದಳು. ಮರುದಿನದಿಂದ ಜ್ವರ ಬಂದು ಕೆಲಸಕ್ಕೆ ಬರಲಿಲ್ಲ.

ಇಂದುಮತಿಯವರು ಅವಳ ಮನೆಗೆ ಕರುಣೆಯಿಂದ ಹೋದರು ಎಂದು ಬರೆಯಲು ನನಗೆ ಆಸೆ. ಆದರೆ ಅವರು ತಾವೇ ಮಾಡಿಕೊಂಡ ಕಾಫಿ ಕುಡಿದು ಕುಡಿದು ಬೇಸತ್ತಿದ್ದರು. ಜೊತೆಗೆ ರಿಯಾಜನ ಮಾತು ತಲೆ ಕೊರೆಯುತ್ತಿತ್ತು. ಕ್ಷೇತ್ರಕಾರ್ಯದ ಕಾಲದ ಹಳೆಯ ಕೈಯಂತ್ರವೊಂದು ಅವರ ಬಳಿ ಇತ್ತು. ಹತ್ತಿರವಿರುವ ಯಾವ ಬಿಲ್ಲೆಯನ್ನಾದರೂ ಅದು ನೇರವಾಗಿ ಓದುತ್ತಿತ್ತು, ವಿನಾಯಿತಿ ಗಿನಾಯಿತಿ ಅದಕ್ಕೆ ಗೊತ್ತಿರಲಿಲ್ಲ. ಸಿಂಚನಾಳನ್ನು ಒಮ್ಮೆ ತಾವೇ ಅಳೆದು ನೋಡಿಬಿಡೋಣ ಎಂದು ಅದನ್ನು ಚೀಲದಲ್ಲಿ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ತಾಯಮ್ಮನ ಮನೆಗೆ ಅವರು ಹೋಗುತ್ತಿದ್ದುದು ಅದೇ ಮೊದಲು.

ಆಶ್ರಯ ಬಡಾವಣೆಯ ಸಂದಿ. ಮನೆ ಹತ್ತಿರವಾಗುತ್ತಿದ್ದಂತೆ ಒಳಗಿಂದ ನಗು ಕೇಳಿಸಿತು. ಇಬ್ಬರ ನಗು. ಒಂದು ಸಿಂಚನಾಳದು. ಇನ್ನೊಂದು ದೊಡ್ಡ ಗಂಟಲಿನ, ಕೆಮ್ಮು ಬರಿಸುವಂಥ ನಗು. ಅದು ಯಾರದೆಂದು ಇಂದುಮತಿಯವರಿಗೆ ತಿಳಿಯಲಿಲ್ಲ. “ಆ ಡ್ರೈವರ್ ಮೂತಿ ಎಂಗಿತ್ತು ಏಳು ಮತ್ತೆ, ಇನ್ನೊಂದ್ ಸಲ ಮಾಡಿ ತೋರ್ಸು” ಎಂಬ ಮಾತು ಕೇಳಿದ ಮೇಲೆಯೇ ಅದು ತಾಯಮ್ಮ ಎಂದು ಗೊತ್ತಾಯಿತು. ಅವಳು ನಗುವುದನ್ನು ಅವರು ಎಂದೂ ಕೇಳಿರಲಿಲ್ಲ.

ಕೈಯಂತ್ರ ತೆಗೆದು ನೋಡಿದರು. ಎರಡು ಚುಕ್ಕೆ. ಎರಡೂ ಕೆಂಪು.

ಯಂತ್ರ ಕೆಟ್ಟಿರಬೇಕು ಎಂದುಕೊಂಡು ಬಾಗಿಲಿಗೆ ಬಂದು ನಿಂತರು. ತಾಯಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಇವರನ್ನು ಕಂಡವಳೇ ದಡಕ್ಕನೆ ಎದ್ದಳು, ಜ್ವರದಲ್ಲೂ. ಸೆರಗು ಮೈತುಂಬ ಬಂತು. ಮುಖದ ಮೇಲಿನ ನಗು ಒರೆಸಿದಂತೆ ಹೋಗಿ, ಇಂದುಮತಿಯವರಿಗೆ ಚೆನ್ನಾಗಿ ಗೊತ್ತಿದ್ದ ಆ ಶಾಂತ ಮುಖ ಬಂದು ಕೂತಿತು. ಕೈಯಂತ್ರದ ಮೇಲೆ ಒಂದು ಚುಕ್ಕೆ ಕೆಂಪಿನಿಂದ ಹಸಿರಿಗೆ ತಿರುಗಿತು.

“ಬನ್ನಿ ಮೇಡಂ, ಕೂತ್ಕೊಳ್ಳಿ” ಎಂದಳು ಸಿಂಚನಾ. ಅವಳ ಚುಕ್ಕೆ ಕೆಂಪಾಗಿಯೇ ಇತ್ತು.

ಇಂದುಮತಿಯವರು ಕೂರಲಿಲ್ಲ. ಫೋನು ಬಂತು ಎಂದು ಹೇಳಿ ಸಂದಿಗೆ ಇಳಿದು ಮೂಲೆ ದಾಟಿ ನಿಂತರು. ತಾಯಮ್ಮನ ಚುಕ್ಕೆ ನಿಧಾನವಾಗಿ ಕೆಂಪಾಯಿತು. ಮತ್ತೆ ಬಾಗಿಲಿಗೆ ಬಂದರು, ಹಸಿರಾಯಿತು. ಇನ್ನೊಮ್ಮೆ ಹೊರಗೆ ಹೋದರು, ಇನ್ನೊಮ್ಮೆ ಒಳಗೆ ಬಂದರು. ಪ್ರಯೋಗವನ್ನು ಒಂದೇ ಸಲಕ್ಕೆ ನಂಬುವವರಲ್ಲ ಅವರು. ಅಮ್ಮೋರು ಚಪ್ಪಲಿ ಎಲ್ಲಿ ಬಿಡುವುದೆಂದು ಒದ್ದಾಡುತ್ತಿದ್ದಾರೆ ಎಂದುಕೊಂಡು ತಾಯಮ್ಮ, “ಆಕ್ಕೊಂಡೇ ಬನ್ನಿ ಅಮ್ಮೋರೆ, ಪರ್ವಾಗಿಲ್ಲ” ಎಂದಳು.

ಹೊಸ ಭಯ ನಡುಗುತ್ತದೆ. ಬಹಳ ಹಳೆಯ ಭಯ ನಡುಗುವುದಿಲ್ಲ, ಅದು ಮೂಳೆಯಾಗಿ ನಿಂತುಬಿಟ್ಟಿರುತ್ತದೆ. ಮುಳ್ಳು ಆಡಲಿಲ್ಲವೆಂದು ಕಣ್ಣೀರಿಟ್ಟು ಇಂದುಮತಿಯವರು ಗೆರೆ ಎಳೆದದ್ದು ಅಲ್ಲಿಗೆ. ಅವರಿಗೆ ನಾಚಿಕೆಯಾಯಿತು. ಆ ಒಂದು ಗಳಿಗೆಯ ನಾಚಿಕೆ ನಿಜವಾದದ್ದು.

“ತಾಯಮ್ಮ, ನಾನು ಯಾವತ್ತಾದ್ರೂ ನಿನ್ನ ಬೈದಿದ್ದೀನಾ?”

“ಎಲ್ಲಾರ ಉಂಟಾ ಅಮ್ಮೋರೆ! ನಿಮ್ ಅನ್ನ ತಿಂದಿವ್ನಿ.”

ಸಿಂಚನಾ ಅಷ್ಟರಲ್ಲಿ ಸಂದಿಯವರೆಗೂ ಅವರ ಹಿಂದೆಯೇ ಹೋಗಿ ಬಂದು, ಹೆಗಲ ಮೇಲಿಂದ ಬಗ್ಗಿ ಕೈಯಂತ್ರ ನೋಡಿಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆ ಬಗ್ಗಿ ನೋಡುವ ಧೈರ್ಯ ಮಾಡುತ್ತಿರಲಿಲ್ಲ.

“ನೀವು ಹೊರಗೆ ಹೋದ್ರೆ ಅವ್ವಂದು ಕೆಂಪಾಗ್ತದೆ, ಒಳಗೆ ಬಂದ್ರೆ ಹಸಿರಾಗ್ತದೆ. ಏನ್ ಮೇಡಂ ಇದು? ಅವ್ವ ನಿಮಗೆ ಹೆದರಿಕೊಂಡು ನಿಂತಿದ್ರೆ ಸರಿ ಅಂತಾನಾ?”

“ಅಳತೆಯಲ್ಲಿ ಏನೋ ತಪ್ಪಿದೆ ಸಿಂಚನಾ” ಎಂದರು ಇಂದುಮತಿಯವರು. ಅವರ ದನಿ ಸಣ್ಣದಾಗಿತ್ತು. “ಸೊನ್ನೆ ತಪ್ಪಾದ ಜಾಗದಲ್ಲಿದೆ.”

“ಹಂಗಂತ ವಿಚಾರಣೇಲಿ ಹೇಳ್ತೀರಾ?”

“ಹೇಳ್ತೀನಿ.”

“ನೋಡವ್ವ, ಮೇಡಂ ಹೇಳ್ತಾರಂತೆ” ಎಂದು ಹುಡುಗಿ ತಾಯಿಯ ಹೆಗಲಿಗೆ ಕೈ ಹಾಕಿ ಅಲ್ಲಾಡಿಸಿದಳು. ತಾಯಮ್ಮ ಇಂದುಮತಿಯವರಿಗೆ ಕೈ ಮುಗಿದಳು.

ಅಲ್ಲಿಂದ ಅವರು ನೇರ ನಿಯಂತ್ರಣ ಕೊಠಡಿಗೆ ಹೋದರು. ರಿಯಾಜನಿಗೆ ಎಲ್ಲ ಹೇಳಿದರು. ತಾಯಮ್ಮ ಮನೆಯಲ್ಲಿ ಕಾಲು ಚಾಚಿ ಕೂತಾಗ ಬಂದ ಅಳತೆಯನ್ನೇ ಸೊನ್ನೆ ಎಂದು ಇಟ್ಟು ನಕ್ಷೆಯನ್ನು ತೋರಿಸು ಎಂದರು. ರಿಯಾಜ್ ಅಂಕಿ ಬದಲಿಸಿದ.

ಗೋಡೆಯ ಮೇಲಿನ ಮೈಸೂರು ಒಂದೇ ಸಲಕ್ಕೆ ಹಳದಿಯಾಯಿತು. ಫ್ಯಾಕ್ಟರಿಗಳು, ಆಸ್ಪತ್ರೆಗಳು, ಕಚೇರಿಗಳು, ಶಾಲೆಗಳು, ‘ಇಲ್ಲಿ ಭಯವಿಲ್ಲ’ ಎಂಬ ಫಲಕ ನೇತುಹಾಕಿಕೊಂಡ ಎಲ್ಲ ಗೇಟುಗಳು. ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ ಮಿಣುಕುತ್ತಿತ್ತು. ರಿಯಾಜ್ ಒಂದೊಂದನ್ನೇ ಒತ್ತಿ ನೋಡಿದ. ಹೂವಿನ ಅಜ್ಜಿ, ಸೈಕಲ್ಲಿನವನು, ಆಯಾ. ಸಮತೋಲನ ಕೇಂದ್ರದ ಜಾಗದಲ್ಲಿ ಮಾತ್ರ ಹಳದಿ ಎಷ್ಟು ದಟ್ಟವಾಗಿತ್ತೆಂದರೆ ನೋಡಲಾಗುತ್ತಿರಲಿಲ್ಲ.

“ಅಂದ್ರೆ ಮೇಡಂ, ಇಡೀ ಊರಲ್ಲಿ ಸರಿಯಾಗಿದ್ದೋರು ಇವರಷ್ಟೇ. ನಾವು ಹುಡುಕಿ ಹುಡುಕಿ ಇವರನ್ನೇ ಹಿಡೀತಿದ್ವಿ.” ಅವನ ದನಿ ನಡುಗುತ್ತಿತ್ತು. “ಈಗಾಗ್ಲೇ ಕೇಂದ್ರದಿಂದ ವಾಪಸ್ ಬಂದಿರೋರನ್ನ ಏನು ಮಾಡೋದು?”

ಅಷ್ಟು ಹೊತ್ತಿಗೆ ಇಂದುಮತಿಯವರಿಗೆ ನಿಜವಾಗಿಯೇ ಫೋನು ಬಂತು. ಬಿಲ್ಲೆಯನ್ನು ದೇಶಕ್ಕೆಲ್ಲ ತರುವ ತೀರ್ಮಾನವಾಗಿದೆ, ಅದಕ್ಕೊಂದು ಆಯೋಗ, ಆಯೋಗಕ್ಕೆ ಅಧ್ಯಕ್ಷೆ ತಾವೇ ಎಂದು ಕಾರ್ಯದರ್ಶಿಯೊಬ್ಬರು ಅಭಿನಂದಿಸಿದರು. ಇಂದುಮತಿಯವರು “ಥ್ಯಾಂಕ್ಯೂ ಸರ್” ಎನ್ನುವಾಗ ಅವರ ಹೆಗಲು ಕೂದಲೆಳೆಯಷ್ಟು ಇಳಿಯಿತು. ಅದನ್ನು ಅಳೆಯಲು ಬಿಲ್ಲೆ ಇರಲಿಲ್ಲ.

ಫೋನಿಟ್ಟು ಬಹಳ ಹೊತ್ತು ಆ ಹಳದಿ ಗೋಡೆಯನ್ನು ನೋಡಿದರು. ಓದಿದವರಿಗೆ ಒಂದು ಅನುಕೂಲವಿದೆ. ಬೇಕಾದ ಹೊತ್ತಿಗೆ ಬೇಕಾದ ವಿಚಾರ ಹೊಳೆಯುತ್ತದೆ. ಸೊನ್ನೆ ಎಂಬುದು ಪ್ರಕೃತಿಯಲ್ಲಿ ಇರುವುದಲ್ಲ, ಸಮಾಜ ಒಪ್ಪಿಕೊಂಡದ್ದೇ ಸೊನ್ನೆ ಎಂದು ಅವರಿಗೆ ಹೊಳೆಯಿತು. ಎಲ್ಲರೂ ಒಂದೇ ಸಮ ತಗ್ಗಿದ್ದರೆ ಅದೂ ಒಂದು ಬಗೆಯ ಸಮಾನತೆಯೇ ತಾನೇ? ಇಡೀ ಊರಿಗೆ ‘ನೀವೆಲ್ಲ ಹೆದರಿದ್ದೀರಿ’ ಎಂದು ಹೇಳಿದರೆ ಊರು ತಡೆದುಕೊಂಡೀತೇ? ಜನರ ನೆಮ್ಮದಿಯ ಜವಾಬ್ದಾರಿಯೂ ವಿಜ್ಞಾನಿಯದ್ದಲ್ಲವೇ?

“ಹಳೇ ಸೊನ್ನೆಗೇ ತಿರುಗಿಸು ರಿಯಾಜ್” ಎಂದರು, ಬಹಳ ಮೃದುವಾಗಿ. “ನೀನು ದಣಿದಿದ್ದೀಯ. ಮನೇಲಿ ಅಪ್ಪ ಅಮ್ಮ ಹುಷಾರಾಗಿದ್ದಾರಾ? ಕ್ವಾರ್ಟರ್ಸ್ ಅನುಕೂಲವಾಗಿದೆಯಾ?”

ರಿಯಾಜ್ ಅವರ ಮುಖವನ್ನೇ ನೋಡಿದ. ರೆಪ್ಪೆ ಬಡಿಯುವಷ್ಟು ಹೊತ್ತು ತಡವಾಯಿತು.

“ಇದೆ ಮೇಡಂ” ಎಂದು ಅಂಕಿ ತಿರುಗಿಸಿದ. ಊರು ಹಸಿರಾಯಿತು. ಅದರೊಳಗೆ ಅವನ ಚುಕ್ಕೆಯೂ ಹಸಿರೇ.

ವಿಚಾರಣೆ ನಡೆದದ್ದು ಸಮತಾ ಮಂಡಳಿಯ ಹೊಸ ಕಟ್ಟಡದಲ್ಲಿ. ದುಂಡು ಮೇಜು, ಎಲ್ಲರಿಗೂ ಒಂದೇ ಎತ್ತರದ ಕುರ್ಚಿ. ಅಧ್ಯಕ್ಷರಾದ ಚೆಲುವರಾಜು ಅವರ ಮುಂದೆ ಮಾತ್ರ ಗುಂಡಿ ಒತ್ತುವ ಮೈಕು. ಎದುರಿನ ಪರದೆಯ ಮೇಲೆ ಸಿಂಚನಾಳ ಚುಕ್ಕೆ ಕೆಂಡದಂತಿತ್ತು. ಅವಳು ಯೂನಿಫಾರ್ಮಿನಲ್ಲೇ ಬಂದಿದ್ದಳು, ಸಾಯಂಕಾಲದ ಪಾಳಿಗೆ ಹೋಗಬೇಕಿತ್ತು.

“ನಾನು ಯಾರನ್ನೂ ತುಳಿದಿಲ್ಲ ಸರ್. ಯಾರ್ಗೂ ಹೆದರ್ತಿಲ್ಲ, ಅಷ್ಟೇ. ನೀವು ಸೊನ್ನೆ ಅಂತ ಇಟ್ಟಿರೋದು ಸೊನ್ನೆ ಅಲ್ಲ, ನಮ್ಮವ್ವನ ಹೆದರಿಕೆ ಅದು. ಮೇಡಮ್‌ಗೂ ಗೊತ್ತು. ಕೇಳಿ ಅವರನ್ನ.”

ಎಲ್ಲರೂ ಇಂದುಮತಿಯವರ ಕಡೆ ತಿರುಗಿದರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. ಸುಳ್ಳು ಹೇಳಲೂ ಇಲ್ಲ.

“ಸೊನ್ನೆಯನ್ನು ನಿರ್ಧರಿಸಿದ್ದು ತಾಯಮ್ಮನವರ ಅಳತೆಯಿಂದ. ಅದು ನಿಜ” ಎಂದರು. “ಅವರಿಗೆ ನನ್ನ ಬಗ್ಗೆ ಭಯ ಇತ್ತೋ ಇಲ್ಲವೋ ಅನ್ನೋದನ್ನ ನಾನು ಹೇಳಿದರೆ ತಪ್ಪಾಗುತ್ತೆ. ಇನ್ನೊಬ್ಬರ ಅನುಭವದ ಬಗ್ಗೆ ಅವರ ಪರವಾಗಿ ಮಾತಾಡೋದೇ ಒಂದು ದಬ್ಬಾಳಿಕೆ. ಅವರೇ ಇಲ್ಲಿದ್ದಾರೆ. ಅವರನ್ನೇ ಕೇಳಿ.”

ಎಷ್ಟು ಚಂದದ ಮಾತು. ಮಂಡಳಿಯವರು ತಲೆದೂಗಿದರು.

ತಾಯಮ್ಮ ಹಿಂದಿನ ಸಾಲಿನಿಂದ ಎದ್ದು ನಿಂತಳು. ಕೂತೇ ಮಾತಾಡಬಹುದು ಎಂದರೂ ನಿಂತಳು. ಪರದೆಯ ಮೇಲೆ ಅವಳ ಚುಕ್ಕೆಯನ್ನೂ ಹಾಕಿದರು.

“ಹೆದರಬೇಡಿ ಅಮ್ಮ” ಎಂದರು ಚೆಲುವರಾಜು. “ಇಲ್ಲಿ ಎಲ್ಲರೂ ಸಮಾನರು. ಡಾಕ್ಟರ್ ಇಂದುಮತಿಯವರ ಮುಂದೆ ನಿಮಗೆ ಯಾವತ್ತಾದ್ರೂ ಭಯ ಆಗಿದೆಯಾ?”

“ಅವ್ವ” ಎಂದಳು ಸಿಂಚನಾ. “ಅವ್ವ, ಅವರ ಕಡೆ ನೋಡ್ಬೇಡ. ನನ್ ಕಡೆ ನೋಡು. ಮನೇಲಿ ಹೆಂಗಿರ್ತೀಯ, ಅವರ ಮನೇಲಿ ಹೆಂಗಿರ್ತೀಯ, ಅದನ್ನ ಹೇಳು. ಹೌದು ಅಂತ ಒಂದೇ ಒಂದು ಮಾತು ಹೇಳು ಅವ್ವ.”

ತಾಯಮ್ಮ ಮಗಳ ಕಡೆ ನೋಡಿದಳು. ಬಾಯಿ ತೆರೆದಳು. ಆಮೇಲೆ ಅವಳ ಕಣ್ಣು, ಅವಳನ್ನು ಕೇಳದೆ, ಇಂದುಮತಿಯವರ ಕಡೆಗೆ ಹೋಯಿತು. ಇಂದುಮತಿಯವರು ಅವಳಿಗೆ ಧೈರ್ಯ ಬರಲೆಂದು ಸ್ವಲ್ಪ ನಕ್ಕರು.

“ಇಲ್ಲ ಬುದ್ಧಿ” ಎಂದಳು ತಾಯಮ್ಮ. “ಅಮ್ಮೋರು ದೇವ್ರಂತೋರು. ಭಯ ಯಾಕ್ ಪಡ್ಲಿ?”

ಪರದೆಯ ಮೇಲೆ ಅವಳ ಚುಕ್ಕೆ ಅಲುಗಾಡದೆ ಹಸಿರಾಗಿ ನಿಂತಿತ್ತು. ಆ ಉತ್ತರವೇ ಬರುತ್ತದೆಂದು ಇಂದುಮತಿಯವರಿಗೆ ಮೊದಲೇ ಗೊತ್ತಿತ್ತು. ತಗ್ಗಿದವರು ಯಾರ ಎದುರಿಗೆ ಏನು ಹೇಳುತ್ತಾರೆ, ಏನು ಹೇಳಲಾರರು ಎಂಬುದರ ಮೇಲೆಯೇ ಅವರಿಗೆ ಡಾಕ್ಟರೇಟ್ ಬಂದಿದ್ದು.

ಸಿಂಚನಾ ಅಳಲಿಲ್ಲ. ತಾಯಿಯನ್ನು ಬೈಯಲಿಲ್ಲ. “ಹೋಗ್ಲಿ ಬಿಡವ್ವ” ಎಂದಳು. ಅವಳನ್ನು ಕರೆದೊಯ್ಯಲು ಬಂದ ಹೆಂಗಸರಿಗೆ, “ಕೈ ಹಿಡಿಬೇಡಿ, ನಡ್ಕೊಂಡು ಬರ್ತೀನಿ, ನನಗೇನು ಕಾಲಿಲ್ವಾ?” ಎಂದು ಹೇಳಿ ಅವರಿಗಿಂತ ಮುಂದೆ ನಡೆದಳು. ಪರದೆಯ ಮೇಲೆ ಆ ಕೆಂಪು ಚುಕ್ಕೆ ಮೆಟ್ಟಿಲಿಳಿದು, ಅಂಗಳ ದಾಟಿ, ವ್ಯಾನು ಹತ್ತಿದ್ದನ್ನು ಎಲ್ಲರೂ ನೋಡಿದರು. ಇಂದುಮತಿಯವರು ನೀರು ತರಿಸಿ ಕುಡಿದರು.

ಮರುದಿನ ತಾಯಮ್ಮ ಕೆಲಸಕ್ಕೆ ಬಂದಳು. ಇಂದುಮತಿಯವರು ಅವಳ ಕೈ ಹಿಡಿದುಕೊಂಡು, “ನನ್ನ ಕೈಲಾಗಿದ್ದನ್ನ ಮಾಡಿದೆ ತಾಯಮ್ಮ” ಎಂದರು. “ನಂಗೊತ್ತಿಲ್ವಾ ಅಮ್ಮೋರೆ” ಎಂದಳು ಅವಳು. ಅಂದು ಸಾರಿಗೆ ಉಪ್ಪು ಹೆಚ್ಚಾಗಿತ್ತು. ಇಂದುಮತಿಯವರು ದೊಡ್ಡ ಮನಸ್ಸು ಮಾಡಿ ಏನೂ ಅನ್ನಲಿಲ್ಲ. ಆಮೇಲಾಮೇಲೆ ಉಪ್ಪು ಸರಿಹೋಯಿತು. ಮನೆಯಲ್ಲಿ ತಾಯಮ್ಮ ಮಗಳ ಬಟ್ಟೆಗಳನ್ನು ಒಗೆದು ಮಡಿಸಿಟ್ಟಳು, ಬಿಸಿಲಿಗೆ ಹಾಕಿ ತೆಗೆದು ಮತ್ತೆ ಮಡಿಸಿಟ್ಟಳು. ತಾನು ಯಾಕೆ ಹಾಗೆ ಹೇಳಿದೆ ಎಂದು ಅವಳಿಗೇ ತಿಳಿದಿರಲಿಲ್ಲ. ಹೌದು ಎನ್ನಬೇಕೆಂದೇ ಎದ್ದಿದ್ದೆ ಎಂದು ಪಕ್ಕದ ಮನೆಯವಳ ಹತ್ತಿರ ಅತ್ತಳು. ಬಾಯಿಗೆ ಬರಲೇ ಇಲ್ಲ ಕಣೆ, ಯಾರೋ ಒಳಗಿನಿಂದ ಹಿಡಿದ ಹಾಗಾಯಿತು ಎಂದಳು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಕೇಂದ್ರದ ವ್ಯಾನು ಸಂದಿಯ ತುದಿಯಲ್ಲಿ ನಿಂತಿತು. ಸಿಂಚನಾ ಇಳಿದಳು. ಮೈ ಕೈ ಚೆನ್ನಾಗಿಯೇ ಇತ್ತು, ಮೊದಲಿಗಿಂತ ಒಂದಿಷ್ಟು ತುಂಬಿಕೊಂಡಂತೆಯೂ ಕಂಡಿತು. ಕಿವಿಯ ಹಿಂದೆ ಮಾತ್ರ ಚರ್ಮ ಕಪ್ಪಗಾಗಿತ್ತು. ತಾಯಮ್ಮ ಓಡಿಹೋಗಿ ತಬ್ಬಿಕೊಂಡಳು. ಹುಡುಗಿ ತಬ್ಬಿಸಿಕೊಂಡು ನಿಂತಳು, ತಾಯಿ ಬಿಡುವವರೆಗೂ. ಮನೆಯ ಹತ್ತಿರ ಬಂದಾಗ ತಾಯಿ ಮೊದಲು ಒಳಗೆ ಹೋಗಲೆಂದು ಪಕ್ಕಕ್ಕೆ ಸರಿದಳು.

“ಬಾ ಮಗ, ಬಾ. ಯಾಕ್ ಅಲ್ಲೇ ನಿಂತ್ಕಂಡೆ? ದಣ್ಕೊಂಡ್ ಬಂದಿದ್ದೀಯ.”

ಸಿಂಚನಾ ಒಳಗೆ ಬಂದಳು. ನೀರಿನ ಬಿಂದಿಗೆ ಎದುರಿಗೇ ಇತ್ತು, ಅದರ ಮೇಲೆ ಲೋಟ. ಅವಳು ಅದನ್ನು ನೋಡಿದಳು. ಗಂಟಲು ಒಣಗಿ ಎಂಜಲು ನುಂಗಿದ್ದು ತಾಯಮ್ಮನಿಗೆ ಕಾಣಿಸಿತು.

“ಅವ್ವ” ಎಂದಳು. ದನಿ ನಯವಾಗಿತ್ತು, ಸ್ವಲ್ಪವೂ ನಡುಗುತ್ತಿರಲಿಲ್ಲ. “ನೀರು ಕುಡೀಲಾ?”

ತಾಯಮ್ಮ ತಾನೇ ಹೋಗಿ ಲೋಟ ತುಂಬಿ ಮಗಳ ಕೈಗೆ ಕೊಟ್ಟಳು. “ನಮ್ಮನೆ ನೀರು ಕುಡಿಯಕ್ಕೆ ನನ್ ಕೇಳ್ಬೇಕಾ ನನ್ ಕಂದ” ಎನ್ನುತ್ತಾ ಅವಳ ತಲೆ ಸವರಿದಳು, ಕೆನ್ನೆ ಸವರಿದಳು, ಬಿಕ್ಕಿ ಬಿಕ್ಕಿ ಅತ್ತಳು. ಸಿಂಚನಾ ನೀರನ್ನು ಒಂದೇ ಉಸಿರಿಗೆ ಕುಡಿದಳು. ಲೋಟವನ್ನು ತೊಳೆದು ಮಗುಚಿ ಇಟ್ಟಳು. ಮತ್ತೆ ಬಂದು ತಾಯಿಯ ಮುಂದೆ ನಿಂತು, ತಾಯಿ ಅತ್ತು ಮುಗಿಸುವವರೆಗೂ ಕಾದಳು.

“ಅವ್ವ, ಇನ್ನೂ ಬಾಯಾರ್ತಿದೆ” ಎಂದಳು. “ಇನ್ನೊಂದು ಲೋಟ ಕುಡೀಲಾ?”